ಇಂಟರ್ವಲ್ ಇಲ್ಲದ 42 ವರ್ಷ!

ಬೆಳ್ಳಿತೆರೆಯ ಮೇಲೆ ನರ್ಸ್ ಬಂದಳೆಂದರೆ ಪ್ರೇಕ್ಷಕ ಮಹಾಶಯನಿಗೆ ಎರಡೇ ನಿರೀಕ್ಷೆ. ಒಂದೋ ಆಕೆ ಹಾಸ್ಯನಟನಿಗೆ ದಬ್ಬಳದಂಥ ಸೂಜಿ ಚುಚ್ಚಬೇಕು, ಇಲ್ಲವೇ ಆಪರೇಷನ್ ಥಿಯೇಟರಿನ ಕೆಂಪು ದೀಪ ಆರಿದ ಮೇಲೆ ಡಾಕ್ಟರ ಹಿಂದೆ ತಲೆ ತಗ್ಗಿಸಿ ನಿಲ್ಲಬೇಕು. ಸಂಭಾಷಣೆ? "ಯೆಸ್ ಡಾಕ್ಟರ್!" ಅಷ್ಟೇ ಕಣ್ರೀ.

ಇದಕ್ಕೆ ಹೊರತಾಗಿ ನಿಂತವಳು 'ಖಾಮೋಶಿ'ಯ ರಾಧಾ. ನಿರ್ದೇಶಕ ಅಸಿತ್ ಸೇನ್ ಈ ಕಥೆಯನ್ನು 1959ರಲ್ಲಿ ಬಂಗಾಳಿಯಲ್ಲಿ ಸುಚಿತ್ರಾ ಸೇನ್‌ರನ್ನು ಹಾಕಿಕೊಂಡು ತೆಗೆದಿದ್ದರು. ಮರುವರ್ಷವೇ ತೆಲುಗಿನಲ್ಲಿ ಸಾವಿತ್ರಿ ಅದೇ ಪಾತ್ರ ಮಾಡಿದರು. 1969ರ ಹಿಂದಿ ಚಿತ್ರದಲ್ಲಿ ವಹೀದಾ ರೆಹಮಾನ್. ಪ್ರೇಮದಲ್ಲಿ ಸೋತು ಬುದ್ಧಿ ಕೆಟ್ಟವನ ಜತೆ ಪ್ರೀತಿಯ ನಾಟಕವಾಡಿ ಗುಣಪಡಿಸು ಅಂತ ಹಿರಿಯ ಡಾಕ್ಟರು ಹೇಳುತ್ತಾರೆ. ಪಾಪ, ಆಕೆಗೆ ನಾಟಕ ಬರೋದಿಲ್ಲ! ಒಬ್ಬ ಗುಣವಾಗಿ ಹೊರಟುಹೋಗುತ್ತಾನೆ. ಎರಡನೆಯವನಾದ ರಾಜೇಶ್ ಖನ್ನಾ ಗುಣವಾಗುವ ಹೊತ್ತಿಗೆ ರಾಧಾಳೇ ಅದೇ ಆಸ್ಪತ್ರೆಯ ರೋಗಿ. 'ಶರಪಂಜರ'ದಲ್ಲಿ ಆಸ್ಪತ್ರೆಗೇ ವಾಪಸಾದ ನಮ್ಮ ಕಲ್ಪನಾರನ್ನು ನೋಡಿ ಅತ್ತವರು ಇದನ್ನೂ ನೋಡಿ ಅಳಬಹುದು.

ನರ್ಸ್ ತಾನು ಕೆಲಸ ಮಾಡಿದ ಆಸ್ಪತ್ರೆಯಲ್ಲೇ ರೋಗಿಯಾಗಿ ಉಳಿದುಬಿಡೋದು ಬರೀ ಕಥೆಗಾರನ ಕಲ್ಪನೆ ಅಂದಿರಾ? ನಾಲ್ಕೇ ವರ್ಷದಲ್ಲಿ ಅದು ನಿಜವಾಯಿತು. ಆದದ್ದು ನಮ್ಮ ಕನ್ನಡದ ಹೆಣ್ಣುಮಗಳಿಗೆ.

1973ರ ಅಕ್ಟೋಬರ್‌ನಲ್ಲಿ ನಮ್ಮ ರಾಮನಗರದ ಬಂಡೆಗಳ ನಡುವೆ 'ಶೋಲೆ' ಶೂಟಿಂಗ್ ಶುರುವಾಯಿತು. ಕೂಟಗಲ್ ಕಡೆಯ ಹಿರಿಯರನ್ನು ಮಾತಿಗೆಳೆದರೆ ಇವತ್ತಿಗೂ ಗಬ್ಬರ್ ಸಿಂಗನ ಸುದ್ದಿ ಬಂದೇ ಬರುತ್ತೆ. ಮರುತಿಂಗಳು, ನವೆಂಬರ್ 27ರ ಸಂಜೆ, ಬೊಂಬಾಯಿಯ ಕೆಇಎಂ ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ ಬಟ್ಟೆ ಬದಲಿಸಲು ಹೋದ ಅರುಣಾ ರಾಮಚಂದ್ರ ಶಾನಭಾಗ್ ಮೇಲೆ ಅಲ್ಲಿನದೇ ಒಬ್ಬ ಜಾಡಮಾಲಿ ನಾಯಿ ಕಟ್ಟುವ ಸರಪಳಿಯಿಂದ ಕುತ್ತಿಗೆ ಬಿಗಿದು ಅತ್ಯಾಚಾರ ಮಾಡಿದ. ಆಕೆ ಹೊನ್ನಾವರದ ಬಳಿಯ ಹಳದೀಪುರದವರು, ವಯಸ್ಸು ಇಪ್ಪತ್ತೈದು, ಡಾಕ್ಟರೊಬ್ಬರ ಜತೆ ಮದುವೆ ನಿಶ್ಚಯವಾಗಿತ್ತು. ಮಿದುಳಿಗೆ ಪ್ರಾಣವಾಯು ಹೋಗದೆ ಅರುಣಾ ಜೀವಚ್ಛವವಾದರು. ಮಾತಿಲ್ಲ, ನಡಿಗೆಯಿಲ್ಲ, ಗುರುತಿಲ್ಲ. ದಾಳಿ ಮಾಡಿದವನ ಮೇಲೆ ಸಾಬೀತಾದದ್ದು ದರೋಡೆ, ಕೊಲೆಯತ್ನ. ಅತ್ಯಾಚಾರದ ಕೇಸೇ ಹಾಕಲಿಲ್ಲ. ಏಳು ವರ್ಷಕ್ಕೆ ಹೊರಬಂದ. ಆಕೆ ಹೊರಬರಲಿಲ್ಲ. ಖಳನಾಯಕ ನಾಯಕಿಯ ಸೆರಗಿಗೆ ಕೈ ಹಾಕಿದಾಗ ಗಾಂಧಿ ಕ್ಲಾಸಿನಲ್ಲಿ ಸಿಳ್ಳೆ ಹೊಡೆಯುವ ಮಿತ್ರರು ಈ ಪ್ಯಾರಾವನ್ನು ಇನ್ನೊಮ್ಮೆ ಓದಿದರೆ ಒಳ್ಳೆಯದು.

ನಾನು ಹೇಳಹೊರಟದ್ದು ಆಮೇಲಿನದು.

ಅರುಣಾರನ್ನು ನಾಲ್ಕನೇ ನಂಬರ್ ವಾರ್ಡಿನ ಪಕ್ಕದ ಕೋಣೆಯಲ್ಲಿ ಮಲಗಿಸಿದರು. ಅವತ್ತಿನಿಂದ ಅವರನ್ನು ನೋಡಿಕೊಂಡವರು ಜತೆಯ ನರ್ಸುಗಳು. ಅವರು ರಿಟೈರಾದ ಮೇಲೆ ಅವರ ನಂತರದ ತಂಡ. ಆಮೇಲೆ, ಅರುಣಾ ಓಡಾಡುತ್ತಿದ್ದ ಕಾಲಕ್ಕೆ ಇನ್ನೂ ಹುಟ್ಟಿಯೇ ಇರದ ಹುಡುಗಿಯರು! ಅನ್ನ, ಮೀನು ಎಲ್ಲ ನುಣ್ಣಗೆ ಮಾಡಿ ಬಾಯಿಗಿಟ್ಟರು. ಮೀನು ಕೊಟ್ಟರೆ ಖುಷಿ ಅನ್ನೋದನ್ನೂ ಮುಖ ನೋಡಿಯೇ ತಿಳಿದುಕೊಂಡರು. ಕೋಣೆಗೆ ತುಂಬಾ ಜನ ಬಂದರೆ ಕಿರುಚುತ್ತಿದ್ದರು, ಮೆಲ್ಲಗೆ ಕೈ ಸವರಿದರೆ ಸುಮ್ಮನಾಗುತ್ತಿದ್ದರು. ಜೂನ್ 1 ಬಂತೆಂದರೆ ಹುಟ್ಟುಹಬ್ಬ.

ಮಲಗಿದಲ್ಲೇ ಮಲಗಿದ ಜೀವ ನೋಡಿದ್ದೀರಾ? ಸೊಂಟ, ಹಿಮ್ಮಡಿ, ಭುಜ, ಹೀಗೆ ಮೂಳೆ ಒತ್ತುವ ಕಡೆಯಲ್ಲೆಲ್ಲ ರಕ್ತ ಓಡೋದಿಲ್ಲ. ಮೊದಲು ಚರ್ಮ ಕೆಂಪಾಗುತ್ತೆ, ಆಮೇಲೆ ಒಡೆಯುತ್ತೆ, ಬಿಟ್ಟರೆ ಮೂಳೆಯವರೆಗೂ ಕೊರೆಯುತ್ತೆ. ಇದಕ್ಕೆ ಔಷಧಿಗಿಂತ ದೊಡ್ಡದು ಕೈ. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು, ಒದ್ದೆಯಾದ ಬಟ್ಟೆಯನ್ನು ಆ ಕ್ಷಣ ತೆಗೆಯಬೇಕು, ಮೈ ಒರೆಸಬೇಕು, ಒಣಗಿಸಬೇಕು. ದಿನಕ್ಕೆ ಹನ್ನೆರಡು ಸಲ. ಈ ನಿಯಮದಂತೆ ಲೆಕ್ಕ ಹಾಕಿದರೆ 42 ವರ್ಷಕ್ಕೆ ಒಂದೂಮುಕ್ಕಾಲು ಲಕ್ಷ ಸಲ ದಾಟುತ್ತೆ! ಮೂವತ್ತೇಳು ವರ್ಷ ಕಳೆದ ಮೇಲೂ ಆಕೆಯ ಮೈಮೇಲೆ ಒಂದೇ ಒಂದು ಹಾಸಿಗೆ ಹುಣ್ಣು ಇರಲಿಲ್ಲ ಅಂತ ಸುಪ್ರೀಂ ಕೋರ್ಟೇ ಬರೆದಿದೆ.

ನಮ್ಮ ಕೂಟಗಲ್ ಹೋಬಳಿಯಲ್ಲಿ ರೇಷ್ಮೆ ಹುಳು ಮೇಯಿಸುವ ತಾಯಂದಿರಿಗೆ ಈ ಕೆಲಸದ ತೂಕ ಬೇಗ ಗೊತ್ತಾಗುತ್ತೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳುವಿಗೆ ಹಗಲೂ ರಾತ್ರಿ ಸೊಪ್ಪು ಹಾಕಬೇಕು, ಹಿಕ್ಕೆ ತೆಗೆಯಬೇಕು, ಕಣ್ಣಿಗೆ ನಿದ್ದೆಯಿಲ್ಲ. ಆದರೆ ಅದು ಒಂದು ವಾರದ ಮಾತು. ಹುಳು ಹಣ್ಣಾಗಿ ಚಂದ್ರಿಕೆ ಏರುತ್ತೆ, ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗುತ್ತೆ, ಕೈಗೆ ಕಾಸು ಬರುತ್ತೆ. ಕೆಇಎಂನ ನರ್ಸುಗಳ ಮುಂದೆ ಗೂಡೂ ಇರಲಿಲ್ಲ, ಮಾರ್ಕೆಟ್ಟೂ ಇರಲಿಲ್ಲ. "ಥ್ಯಾಂಕ್ಸ್ ಸಿಸ್ಟರ್" ಅನ್ನುವ ಒಂದು ಮಾತೂ ಇಲ್ಲ!

ಹಾಗಂತ ಅವರನ್ನು 'ದೇವತೆ' ಅನ್ನೋಕೆ ನನಗೆ ಇಷ್ಟವಿಲ್ಲ. ಸಿನಿಮಾದವರು ಯಾರನ್ನಾದರೂ ದೇವತೆ ಮಾಡಿದರೆ ಆಮೇಲೆ ಆಕೆ ಸಂಬಳ ಕೇಳೋ ಹಾಗಿಲ್ಲ, ಸಿಟ್ಟು ಮಾಡೋ ಹಾಗಿಲ್ಲ. ಇವರು ಸಿಟ್ಟು ಮಾಡಿದರು! 1973ರಲ್ಲೇ ತಮಗೆ ರಕ್ಷಣೆ ಬೇಕು, ಅರುಣಾಗೆ ನ್ಯಾಯ ಬೇಕು ಅಂತ ಮುಷ್ಕರ ಹೂಡಿದರು. ಎಂಬತ್ತರ ದಶಕದಲ್ಲಿ ಪಾಲಿಕೆಯವರು ಆ ಹಾಸಿಗೆ ಖಾಲಿ ಮಾಡಿಸಿ ಆಕೆಯನ್ನು ಬೇರೆ ಕಡೆ ಸಾಗಿಸಲು ಹೊರಟಾಗ ನರ್ಸುಗಳು ಅಡ್ಡ ನಿಂತರು. ಪಾಲಿಕೆ ಹಿಂದೆ ಸರಿಯಿತು.

ಇನ್ನು ಕೋರ್ಟಿನ ದೃಶ್ಯ. ಅರುಣಾ ಬಗ್ಗೆ ಪುಸ್ತಕ ಬರೆದಿದ್ದ ಪತ್ರಕರ್ತೆ ಪಿಂಕಿ ವಿರಾನಿ, ಇಂಥ ಬದುಕು ಸಾಕು, ಆಹಾರ ಕೊಡೋದು ನಿಲ್ಲಿಸಿ ಆಕೆ ನೆಮ್ಮದಿಯಾಗಿ ಹೋಗಲು ಬಿಡಿ ಅಂತ ಸುಪ್ರೀಂ ಕೋರ್ಟಿಗೆ ಹೋದರು. ನರ್ಸುಗಳು ಆಗೋದಿಲ್ಲ ಅಂದರು. ವಿರಾನಿಯವರನ್ನು ಖಳನಾಯಕಿ ಮಾಡಬೇಡಿ ಸ್ವಾಮಿ! ದಯಾಮರಣ ಅನ್ನೋ ಮಾತಿನಲ್ಲೂ ದಯೆ ಇದೆ. 2011ರ ಮಾರ್ಚ್ 7ರಂದು ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಮತ್ತು ನ್ಯಾಯಮೂರ್ತಿ ಜ್ಞಾನ ಸುಧಾ ಮಿಶ್ರಾ ತೀರ್ಪು ಕೊಟ್ಟರು. ಗುಣವಾಗುವ ಆಸೆಯೇ ಇಲ್ಲದ ರೋಗಿಗೆ ಹೈಕೋರ್ಟಿನ ಒಪ್ಪಿಗೆಯ ಮೇಲೆ ಚಿಕಿತ್ಸೆ ನಿಲ್ಲಿಸಬಹುದು ಅಂತ ದೇಶದಲ್ಲಿ ಮೊದಲ ಸಲ ದಾರಿ ತೆರೆಯಿತು. ಆದರೆ ಅರುಣಾ ಪರವಾಗಿ ಆ ಮಾತಾಡುವ ಹಕ್ಕು ಪುಸ್ತಕ ಬರೆದವರದಲ್ಲ, ಹಗಲಿರುಳು ನೋಡಿಕೊಂಡ ಆಸ್ಪತ್ರೆಯವರದು ಅಂದಿತು ಕೋರ್ಟು. ಪಿಯುಸಿಗೇ ಪುಸ್ತಕ ಮುಚ್ಚಿಟ್ಟ ನನಗೆ ಕಾನೂನಿನ ಒಳಸುಳಿ ಬೇಡ. ಈ ಒಂದು ಸಾಲು ಸಾಕು. ಒದ್ದೆ ಬಟ್ಟೆ ಬದಲಿಸಿದ ಕೈಗೇ ಹಕ್ಕು!

ನರ್ಸುಗಳು ಆ ದಾರಿ ಹಿಡಿಯಲಿಲ್ಲ. ಮತ್ತೆ ನಾಲ್ಕು ವರ್ಷ ಮಗ್ಗುಲು ತಿರುಗಿಸಿದರು.

2015ರ ಮೇ 18ರಂದು ನ್ಯುಮೋನಿಯಾದಿಂದ ಅರುಣಾ ತೀರಿಕೊಂಡರು. ಹುಟ್ಟುಹಬ್ಬಕ್ಕೆ ಎರಡು ವಾರ ಬಾಕಿಯಿತ್ತು, ತುಂಬುತ್ತಿದ್ದದ್ದು ಅರವತ್ತೇಳು. ಅಂತ್ಯಕ್ರಿಯೆಗೆ ಬಂಧುಗಳು ಬಂದಾಗ, ಇಷ್ಟು ವರ್ಷ ನೋಡಿಕೊಂಡವರು ನಾವು ಅಂತ ನರ್ಸುಗಳು ವಾದಕ್ಕೆ ನಿಂತರು. ಕೊನೆಗೆ ಭೋಯಿವಾಡದ ಸ್ಮಶಾನದಲ್ಲಿ ಆಸ್ಪತ್ರೆಯ ಡೀನ್ ಮತ್ತು ಬಂಧುಗಳು ಜತೆಯಾಗಿ ಕ್ರಿಯೆ ಮಾಡಿದರು. ಸುತ್ತ ನರ್ಸುಗಳು ನಿಂತಿದ್ದರು.