ನೆರೆಮನೆಯ ಜಗಲಿಯಿಂದ ಕಂಡ ಬೀದಿ

ಮುಗ್ಧತೆಯೂ ಕರುಣೆಯೂ ಒಂದೇ ಎಂದು ನಾವು ಅನೇಕ ವೇಳೆ ಭಾವಿಸುತ್ತೇವೆ. ಆದರೆ ಕೇಳಿದ ಮಾತನ್ನು ಶಂಕಿಸದೆ ನಂಬುವುದೂ ಮುಗ್ಧತೆಯೇ; ಆ ಮಾತಿನಲ್ಲಿ ಪೂರ್ವಗ್ರಹವಿದ್ದರೆ ಮಗು ಅದನ್ನೂ ನಂಬುತ್ತದೆ. ಮುಗ್ಧತೆಯಿಂದ ಕರುಣೆಯವರೆಗಿನ ದಾರಿಯನ್ನು ಅಮೆರಿಕದ ಲೇಖಕಿ ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಯು ಸ್ಪಷ್ಟವಾಗಿ ತೋರಿಸುತ್ತದೆ. 1960ರಲ್ಲಿ ಪ್ರಕಟವಾದ ಈ ಕೃತಿಗೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ದೊರೆಯಿತು.

ಕಥೆ ನಡೆಯುವುದು 1930ರ ದಶಕದಲ್ಲಿ, ಅಲಬಾಮ ರಾಜ್ಯದ ಮೇಕೋಂಬ್ ಎಂಬ ಕಲ್ಪಿತ ಊರಿನಲ್ಲಿ. ವಕೀಲ ಆ್ಯಟಿಕಸ್ ಫಿಂಚನ ಮಕ್ಕಳು ಜೆಮ್ ಮತ್ತು ಸ್ಕೌಟ್. ಅದೇ ಬೀದಿಯಲ್ಲಿರುವ ಆರ್ಥರ್ ರಾಡ್ಲಿ ವರ್ಷಗಳಿಂದ ಮನೆಯ ಹೊರಗೆ ಕಾಣಿಸಿಕೊಂಡಿಲ್ಲ. ಮಕ್ಕಳ ಬಾಯಲ್ಲಿ ಅವನು ‘ಬೂ’; ರಾತ್ರಿ ಅಲೆಯುವ, ಹಸಿ ಮಾಂಸ ತಿನ್ನುವ ಭೂತ. ಅವನ ಬದುಕನ್ನೇ ಅವರು ಆಟವಾಗಿ ಆಡುತ್ತಾರೆ. ಇದು ಕ್ರೌರ್ಯವೆಂಬ ಅರಿವು ಅವರಿಗಿಲ್ಲ.

ಅವರನ್ನು ಬದಲಿಸುವುದು ಉಪದೇಶವೊಂದೇ ಅಲ್ಲ, ಅನುಭವ. ರಾಡ್ಲಿ ಮನೆಯ ಅಂಚಿನ ಓಕ್ ಮರದ ಪೊಟರೆಯಲ್ಲಿ ಚೂಯಿಂಗ್ ಗಮ್, ಹಳೆಯ ನಾಣ್ಯ, ಸಾಬೂನಿನಲ್ಲಿ ಕೆತ್ತಿದ ಹುಡುಗ-ಹುಡುಗಿಯ ಗೊಂಬೆಗಳು ದೊರೆಯುತ್ತವೆ. ಬೇಲಿಗೆ ಸಿಕ್ಕಿ ಹರಿದ ಜೆಮ್‌ನ ಚಡ್ಡಿಯನ್ನು ಯಾರೋ ಹೊಲಿದು ಮಡಿಸಿಟ್ಟಿರುತ್ತಾರೆ. ನೆರೆಮನೆಗೆ ಬೆಂಕಿ ಬಿದ್ದ ಚಳಿಯ ರಾತ್ರಿ, ಸ್ಕೌಟ್‌ಗೆ ತಿಳಿಯದಂತೆಯೇ ಅವಳ ಹೆಗಲಿಗೆ ಕಂಬಳಿ ಬಂದಿರುತ್ತದೆ. ರಾಡ್ಲಿಯ ಅಣ್ಣ ಪೊಟರೆಯನ್ನು ಸಿಮೆಂಟಿನಿಂದ ಮುಚ್ಚಿದಾಗ ಜೆಮ್ ಅಳುತ್ತಾನೆ. ಅವನೇಕೆ ಅತ್ತನೆಂದು ಲೇಖಕಿ ವಿವರಿಸುವುದಿಲ್ಲ. ತಂಗಿ ಕಂಡಷ್ಟನ್ನೇ ಹೇಳುತ್ತಾಳೆ. ನಿರೂಪಕಿ ಅರಿಯದುದನ್ನು ಓದುಗ ಅರಿಯುವ ಈ ಅಂತರವೇ ಬಾಲದೃಷ್ಟಿಯ ಕಥನದ ಬಲ.

ಕೊನೆಯಲ್ಲಿ ಮಕ್ಕಳ ಪ್ರಾಣ ಉಳಿಸುವವನು ಇದೇ ರಾಡ್ಲಿ. ಅವನನ್ನು ಮನೆಗೆ ತಲುಪಿಸಿದ ಸ್ಕೌಟ್ ಅವನ ಜಗಲಿಯಲ್ಲಿ ನಿಂತು ಬೀದಿಯನ್ನು ನೋಡುತ್ತಾಳೆ. ಇಷ್ಟು ಕಾಲ ಅವನು ಕಂಡದ್ದು ತಮ್ಮನ್ನೇ ಎಂದು ಅವಳಿಗೆ ಹೊಳೆಯುತ್ತದೆ. ಕರುಣೆ ಇಲ್ಲಿ ಮರುಕವಲ್ಲ, ನಿಂತ ಸ್ಥಳವನ್ನು ಬದಲಿಸಿ ನೋಡುವ ಶಕ್ತಿ.

ಕಾದಂಬರಿಯ ಇನ್ನೊಂದು ಎಳೆಯನ್ನು ಕೈಬಿಡಬಾರದು. ಟಾಮ್ ರಾಬಿನ್ಸನ್ ಎಂಬ ಕಪ್ಪು ವರ್ಣದ ನಿರಪರಾಧಿಯನ್ನು ನ್ಯಾಯದರ್ಶಿಗಳು ಅಪರಾಧಿಯೆಂದು ತೀರ್ಮಾನಿಸುತ್ತಾರೆ. ಸೆರೆಯಲ್ಲಿ ಅವನು ಗುಂಡಿಗೆ ಬಲಿಯಾಗುತ್ತಾನೆ. ಮಕ್ಕಳಲ್ಲಿ ಆಟವಾಗಿದ್ದ ಪೂರ್ವಗ್ರಹ ಹಿರಿಯರ ಕೈಯಲ್ಲಿ ಮರಣವಾಗುತ್ತದೆ. ಆದ್ದರಿಂದಲೇ ಅದನ್ನು ಬಾಲ್ಯದಲ್ಲಿಯೇ ತಿದ್ದಬೇಕು.

ತರಗತಿಯಲ್ಲಿ ಕಥೆಯ ಸಾರಾಂಶವನ್ನು ಹೇಳಿ, ಕಪ್ಪುಹಲಗೆಯ ಮೇಲೆ ‘ಕೇಳಿದ್ದು’, ‘ಕಂಡದ್ದು’ ಎಂಬ ಎರಡು ಸಾಲುಗಳನ್ನು ಮಾಡಿ, ರಾಡ್ಲಿಯ ಬಗೆಗಿನ ಸಂಗತಿಗಳನ್ನು ಮಕ್ಕಳಿಂದಲೇ ತುಂಬಿಸಬಹುದು. ಬಳಿಕ ಒಂದು ಘಟನೆಯನ್ನು ಅವನ ಕಿಟಕಿಯಿಂದ ಕಂಡಂತೆ ಬರೆಯಿಸಬಹುದು. ಊರಿನ ನಿಜ ವ್ಯಕ್ತಿಗಳನ್ನು ಹೆಸರಿಸಲು ಹೇಳಬಾರದು. ಅದು ಹೊಸ ವದಂತಿಗೆ ದಾರಿಯಾದೀತು. ಹಲವು ಮನೆಮಾತುಗಳ ಮಕ್ಕಳು ಒಂದೇ ಹಲಗೆಯ ಮೇಲೆ ಕುಳಿತು ಕಲಿಯುವ ಗಡಿನಾಡಿನ ಶಾಲೆಗಳಲ್ಲಿ ‘ಅವರು ಹಾಗಂತೆ’ ಎಂಬ ಮಾತು ಕೇಳಿಬಂದಾಗ, ‘ನೀನು ಕಂಡದ್ದೇನು?’ ಎಂದು ಮಗು ತನ್ನನ್ನೇ ಕೇಳಿಕೊಂಡರೆ ಪಾಠ ಸಾರ್ಥಕವಾದಂತೆ.