ಗೋ-ಟು ಸಲ್ಲುವ ಜಾಗ

ಪ್ರೋಗ್ರಾಮಿನ ಓಟವನ್ನು ನಡುವೆಯೇ ಮುರಿದು, ಹೆಸರಿಟ್ಟ ಇನ್ನೊಂದು ಸಾಲಿಗೆ ನೇರವಾಗಿ ಜಿಗಿಸುವ ಆದೇಶವೇ ‘ಗೋ-ಟು’. ಇಂಥ ಜಿಗಿತಗಳು ಹೆಚ್ಚಿದಷ್ಟೂ ಪ್ರೋಗ್ರಾಮಿನ ನಡೆಯನ್ನು ಓದಿ ತಿಳಿಯುವುದು ಕಷ್ಟವೆಂದು ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1968ರಲ್ಲಿ ಎಚ್ಚರಿಸಿದರು. ಆದರೂ ಸಿ ಭಾಷೆಯಲ್ಲಿ ಬರೆದ ಲಿನಕ್ಸ್ ಕರ್ನಲ್, ಅಂದರೆ ಆ ಕಾರ್ಯಾಚರಣ ವ್ಯವಸ್ಥೆಯ ತಿರುಳು, ಇಂದಿಗೂ ಅದನ್ನು ಬಳಸುತ್ತದೆ, ಆ ಬಳಕೆ ಸಕಾರಣವೂ ಹೌದು. ಉದಾಹರಣೆಗೆ, ಒಂದು ಫಂಕ್ಷನ್ ಮೊದಲು ಮೆಮೊರಿಯನ್ನು ಪಡೆದು, ಬಳಿಕ ಲಾಕ್ ಹಾಕಿ, ಮೂರನೆಯ ಹೆಜ್ಜೆಯಲ್ಲಿ ಸೋತರೆ, ಮೊದಲು ಲಾಕನ್ನೂ ಆಮೇಲೆ ಮೆಮೊರಿಯನ್ನೂ, ಹೀಗೆ ಹಿಮ್ಮುಖ ಕ್ರಮದಲ್ಲಿ, ಬಿಟ್ಟುಕೊಡಲೇಬೇಕು. ಆಗ ‘ಗೋ-ಟು ಔಟ್_ಅನ್‌ಲಾಕ್’ ಎಂಬ ಒಂದೇ ಸಾಲು ಫಂಕ್ಷನ್ನಿನ ಕೊನೆಯಲ್ಲಿರುವ ತೆರವಿನ ಭಾಗಕ್ಕೆ ಕರೆದೊಯ್ಯುವುದರಿಂದ, ಅವೇ ಸಾಲುಗಳನ್ನು ಪ್ರತಿ ಸೋಲಿನ ಬಳಿಯೂ ಮತ್ತೆ ಬರೆಯುವಾಗ ಒಂದನ್ನು ಮರೆತುಬಿಡುವ ಅಪಾಯ ತಪ್ಪುತ್ತದೆ. ಹಿಂದಕ್ಕೆ ಜಿಗಿದು ಲೂಪ್ ಕಟ್ಟಲು ಮಾತ್ರ ಗೋ-ಟು ಸಲ್ಲದು. ಆ ಕೆಲಸಕ್ಕೆ ‘ಫಾರ್’, ‘ವೈಲ್’ ಇವೆ.