ಯಂತ್ರದ ಕೈಗೆ ಇಕ್ಕಳದ ಪಾಠ

ಹಿಡಿಯುವುದು ಒಂದು ವಿದ್ಯೆಯೆಂಬುದನ್ನು ನಾವು ಮರೆತಿದ್ದೇವೆ. ಮಾಗಿದ ಹಣ್ಣನ್ನೂ ನೀರು ತುಂಬಿದ ಕೊಡವನ್ನೂ ಒಂದೇ ಕೈ ಎತ್ತುತ್ತದೆ. ಹಣ್ಣು ನಜ್ಜಾಗುವುದಿಲ್ಲ, ಕೊಡವು ಜಾರುವುದಿಲ್ಲ. ಇಂತಹ ಕೈಯನ್ನು ಲೋಹದಿಂದ ಮಾಡಿ ಯಂತ್ರಕ್ಕೆ ಜೋಡಿಸಲು ಹೊರಟಾಗಲೇ ಅದರ ಕಷ್ಟವು ತಿಳಿಯುವುದು. ಇಂಜಿನಿಯರಿಂಗ್ ಓದುವ ಮಗನೋ ಮಗಳೋ “ರೋಬೋ ಸ್ಪರ್ಧೆಗೆ ಯಂತ್ರದ ಕೈ ಮಾಡಬೇಕು, ಹಣ ಬೇಕು” ಎಂದು ಕೇಳಿದರೆ, ಇದು ಆಟವೋ ಪಾಠವೋ ಎಂಬ ಸಂದೇಹವು ತಂದೆತಾಯಿಗಳಿಗೆ ಬರುವುದು ಸಹಜ. ಆ ಕೈಯ ರಚನೆಯನ್ನು ಸ್ವಲ್ಪ ತಿಳಿದರೆ ಸಂದೇಹವು ತಾನಾಗಿಯೇ ಪರಿಹಾರವಾದೀತು.

ಇಂತಹ ಸ್ಪರ್ಧೆಗಳಲ್ಲಿ ಏಷ್ಯಾ-ಪೆಸಿಫಿಕ್ ಪ್ರಸಾರ ಸಂಘದ ‘ರೋಬೋಕಾನ್’ ಪ್ರಸಿದ್ಧವಾದುದು. ಅದು 2002ರಲ್ಲಿ ಟೋಕಿಯೋ ನಗರದಲ್ಲಿ ಆರಂಭವಾಯಿತು. 2024ರಲ್ಲಿ ವಿಯೆಟ್ನಾಮಿನಲ್ಲಿ ನಡೆದ ಸ್ಪರ್ಧೆಯ ವಿಷಯವು ನಮ್ಮ ಮಲೆನಾಡಿನವರಿಗೆ ಚಿರಪರಿಚಿತವಾದ ಬತ್ತದ ಬೇಸಾಯವೇ ಆಗಿತ್ತು. ಸಸಿಯನ್ನು ನೆಡುವುದು, ಬೆಳೆಯನ್ನು ಕೊಯ್ಯುವುದು, ಜಳ್ಳನ್ನು ಬೇರ್ಪಡಿಸಿ ಕಾಳನ್ನು ಕಣಜಕ್ಕೆ ತುಂಬುವುದು, ಇವೆಲ್ಲವನ್ನೂ ಯಂತ್ರಗಳು ಅಣಕವಾಗಿ ಮಾಡಬೇಕು. ಕಾಳಿನ ಸ್ಥಾನದಲ್ಲಿ ಚೆಂಡುಗಳಿದ್ದುವು. ಆಟದ ಅವಧಿ ಮೂರೇ ನಿಮಿಷ. ತಿಂಗಳುಗಟ್ಟಲೆ ಪಟ್ಟ ಶ್ರಮವು ಒಂದು ಚೆಂಡು ಜಾರಿದರೆ ವ್ಯರ್ಥವಾದೀತು. ಆದುದರಿಂದ ಹಿಡಿತವೇ ಇಲ್ಲಿ ಪ್ರಧಾನವಾದುದು.

ಬಲವಾಗಿ ಅದುಮಿದರೆ ಸಾಕೆಂದು ಹಲವರು ತಿಳಿಯುವರು. ಅದು ಸರಿಯಲ್ಲ. ಎರಡು ಬೆರಳುಗಳ ನಡುವೆ ವಸ್ತುವನ್ನು ನಿಲ್ಲಿಸುವುದು ಘರ್ಷಣೆ. ಅದುಮುವ ಬಲವು ಆ ಘರ್ಷಣೆಯನ್ನು ಹುಟ್ಟಿಸುವ ಸಾಧನಮಾತ್ರ. ಬೆರಳಿಗೂ ವಸ್ತುವಿಗೂ ನಡುವಣ ಘರ್ಷಣಾಂಕವು 0.5 ಆಗಿದ್ದರೆ, 1 ಕಿಲೋ ತೂಕದ ವಸ್ತುವನ್ನು ಎತ್ತಲು ಒಂದೊಂದು ಬೆರಳೂ 1 ಕಿಲೋ ಭಾರದಷ್ಟು ಅದುಮಬೇಕು. ಮೈ ನುಣುಪಾಗಿ ಆ ಅಂಕವು 0.25ಕ್ಕೆ ಇಳಿದರೆ 2 ಕಿಲೋ ಬೇಕು. ಯಂತ್ರವು ಥಟ್ಟನೆ ಎತ್ತಿ ತಿರುಗುವಾಗ ಇನ್ನಷ್ಟು ಬೇಕು. ಹೀಗಿರುವಲ್ಲಿ ದೊಡ್ಡ ಮೋಟಾರನ್ನು ಕೊಳ್ಳುವುದಕ್ಕಿಂತ ಬೆರಳಿಗೆ ಒಂದು ತುಂಡು ರಬ್ಬರನ್ನು ಅಂಟಿಸುವುದೇ ಲೇಸು. ದುಂಡನೆಯ ವಸ್ತುವಾದರೆ ಬೆರಳಿನ ಒಳಮೈಯನ್ನು ಕೊರೆದು ಓರೆಮಾಡಿದರೆ ಅದು ಎರಡು ಕಡೆಗಳಲ್ಲಿ ತಾಕಿ ಅಲುಗದೆ ನಿಲ್ಲುವುದು.

ಬಲವೇ ಬೇಕಾದಾಗ ಅಡಿಗೆಮನೆಯ ಇಕ್ಕಳವನ್ನು ನೋಡಬಹುದು. ಕೀಲಿನಿಂದ ಕೈಹಿಡಿಯು 30 ಸೆಂಟಿಮೀಟರ್ ದೂರದಲ್ಲಿಯೂ ಬಾಯಿಯು 5 ಸೆಂಟಿಮೀಟರ್ ದೂರದಲ್ಲಿಯೂ ಇದ್ದರೆ, ನಮ್ಮ ಬಲವು ಬಾಯಿಯಲ್ಲಿ ಆರು ಪಾಲಾಗುವುದು. ಆದರೆ ಹಿಡಿಯು 6 ಸೆಂಟಿಮೀಟರ್ ಚಲಿಸಿದಾಗ ಬಾಯಿಯು ಚಲಿಸುವುದು ಒಂದೇ ಸೆಂಟಿಮೀಟರ್. ಬಲವನ್ನು ಪಡೆದರೆ ಅಗಲವನ್ನು ಕಳೆದುಕೊಳ್ಳಬೇಕು. ಎರಡನ್ನೂ ಒಟ್ಟಿಗೆ ಪಡೆಯಲಾಗದು. ಈ ಕಾರಣದಿಂದಲೇ, ಎತ್ತಬೇಕಾದ ವಸ್ತುವನ್ನು ಮೊದಲು ಅಳೆದು ತೂಗಿ, ಆಮೇಲೆ ಕೈಯ ನಕ್ಷೆಯನ್ನು ಬರೆಯತಕ್ಕದ್ದು. ಕೈಯನ್ನು ಮೊದಲು ಮಾಡಿ ವಸ್ತುವನ್ನು ಆಮೇಲೆ ನೋಡುವವರು ಹಣವನ್ನೂ ಕಾಲವನ್ನೂ ಕಳೆಯುವರು.

ಮೋಟಾರು ಸದಾ ಅದುಮುತ್ತಲೇ ಇದ್ದರೆ ಕಾದು ಕೆಡುವುದುಂಟು. ವಿದ್ಯುತ್ತು ನಿಂತರೆ ಹಿಡಿದುದು ಬೀಳುವುದು. ಇದಕ್ಕೆ ಉಪಾಯವು ಬಟ್ಟೆ ಒಣಹಾಕುವ ಹಗ್ಗದ ಮೇಲೆಯೇ ಇದೆ. ಅಲ್ಲಿಯ ಕ್ಲಿಪ್ಪಿನಲ್ಲಿ ಹಿಡಿಯುವುದು ಸ್ಪ್ರಿಂಗು; ನಮ್ಮ ಬೆರಳಿನ ಕೆಲಸವು ಬಿಡಿಸುವುದು ಮಾತ್ರ. ಯಂತ್ರದಲ್ಲಿಯೂ ಸ್ಪ್ರಿಂಗು ಹಿಡಿದು ಮೋಟಾರು ಬಿಡಿಸುವಂತೆ ಮಾಡಿದರೆ ಎರಡು ತೊಂದರೆಗಳೂ ತಪ್ಪುವುವು.

ಈ ವಿದ್ಯೆಯು ಸ್ಪರ್ಧೆಯ ಅಂಗಳಕ್ಕೆ ಮಾತ್ರ ಸೇರಿದುದಲ್ಲ. ಅಮೆರಿಕದ ಜಾರ್ಜ್ ಡೆವೊಲ್ ಎಂಬವರ ಕಲ್ಪನೆಯಿಂದ ಹುಟ್ಟಿದ ‘ಯುನಿಮೇಟ್’ ಎಂಬ ಯಂತ್ರವು 1961ರಲ್ಲಿ ಜನರಲ್ ಮೋಟಾರ್ಸ್ ಕಂಪೆನಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ನಿಂತಿತು. ಅಚ್ಚಿನಿಂದ ಹೊರಬಂದ ಬಿಸಿಲೋಹದ ಭಾಗಗಳನ್ನು ಎತ್ತುವುದು ಅದರ ಕೆಲಸ. ಮನುಷ್ಯನ ಕೈ ಸುಡದಿರಲೆಂದು ಕಮ್ಮಾರನು ಇಕ್ಕಳವನ್ನು ಹಿಡಿದನಷ್ಟೆ. ಯಂತ್ರದ ಕೈ ಅದೇ ಇಕ್ಕಳದ ಮುಂದಿನ ಪೀಳಿಗೆ.

ಬಿಸಿಲೋಹದ ಮಾತು ಬಂದಾಗ ಭದ್ರಾವತಿಯನ್ನು ನೆನೆಯದಿರುವುದೆಂತು? ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಅಲ್ಲಿ ನೆಲೆಗೊಂಡ ಮೈಸೂರು ಕಬ್ಬಿಣದ ಕಾರ್ಖಾನೆಯಲ್ಲಿ 1923ರಲ್ಲಿ, ಮಲೆನಾಡಿನ ಕಟ್ಟಿಗೆಯ ಇದ್ದಿಲಿನ ಉರಿಯಿಂದ, ಕಬ್ಬಿಣವು ಹರಿಯತೊಡಗಿತು. ಸರಿಯಾಗಿ ನೂರು ವರ್ಷಗಳ ತರುವಾಯ, 2023ರ ಜನವರಿಯಲ್ಲಿ, ಅದನ್ನು ಮುಚ್ಚುವ ನಿರ್ಧಾರವು ಪ್ರಕಟವಾಗಿ ಊರೇ ಕಳವಳಗೊಂಡಿತು. ಕುಲುಮೆಯ ಗತಿ ಏನೇ ಆಗಲಿ, ಕಬ್ಬಿಣವನ್ನು ಹಿಡಿದು, ತಿರುಗಿಸಿ, ಕಡೆದು ನುರಿತ ಕೈಗಳ ಅನುಭವವು ಆ ಊರಿನ ಮನೆಗಳಲ್ಲಿ ಉಳಿದಿದೆ. ಅದನ್ನು ಪುಸ್ತಕದಲ್ಲಿ ಬರೆದಿಟ್ಟವರು ವಿರಳ; ಆ ಹಿರಿಯರೊಡನೆಯೇ ಅದು ಮರೆಯಾಗಬಹುದು.

1980ರಲ್ಲಿ ಆರಂಭವಾದ ಜೆ. ಎನ್. ಎನ್. ಇಂಜಿನಿಯರಿಂಗ್ ಕಾಲೇಜು ಶಿವಮೊಗ್ಗದಲ್ಲಿದೆ. ಭದ್ರಾವತಿಗೆ ಅಲ್ಲಿಂದ ಒಂದು ಗಂಟೆಯ ಪ್ರಯಾಣವೂ ಇಲ್ಲ. ಯಂತ್ರದ ಕೈಯನ್ನು ಮಾಡಹೊರಟ ತರುಣರು ತಮ್ಮ ನಕ್ಷೆಯನ್ನು ಕೊಂಡೊಯ್ದು, ನಿವೃತ್ತನಾದ ಒಬ್ಬ ಫಿಟ್ಟರನಿಗೋ ಲೇತು ನಡೆಸಿದವನಿಗೋ ತೋರಿಸಲಿ. ಕೀಲು ಎಲ್ಲಿ ಸಡಿಲವಾಗುವುದು, ಯಾವ ಆಣಿ ಮೊದಲು ಸವೆಯುವುದು ಎಂಬುದನ್ನು ಅವರು ನೋಡಿದ ಕೂಡಲೇ ಹೇಳಬಲ್ಲರು.

ತಂದೆತಾಯಿಗಳಿಗೆ ನಮ್ಮ ಸೂಚನೆಯಿಷ್ಟೆ. ಮಕ್ಕಳು ಹಣ ಕೇಳಿದಾಗ ಗದರಿಸಬೇಡಿರಿ. ಕೇಳಿದಷ್ಟನ್ನು ಒಮ್ಮೆಗೇ ಕೊಡಲೂಬೇಡಿರಿ. ಮೊದಲು ರಟ್ಟಿನಲ್ಲಿ, ಆಮೇಲೆ ಪ್ಲೈವುಡ್ಡಿನಲ್ಲಿ ಕೈಯನ್ನು ಮಾಡಿ ತೋರಿಸಲು ಹೇಳಿರಿ. ಅದು ನಿಮ್ಮೆದುರಿಗೆ ಒಂದು ಚೆಂಡನ್ನು ಇಪ್ಪತ್ತು ಸಲ ಎತ್ತಿ ಒಮ್ಮೆಯೂ ಬೀಳಿಸದಿದ್ದರೆ, ಲೋಹಕ್ಕೂ ಮೋಟಾರಿಗೂ ಹಣವನ್ನು ಸಂತೋಷದಿಂದ ಕೊಡಿರಿ.